ಅಪರೂಪಕ್ಕೆ ಕುಡಿಯುವವರಿಗೆ ಮದ್ಯ ಮತ್ತು ವೈನುಗಳ ಪರಿಚಯ: ಎರಡು ಲೋಟಗಳ ವಿಧಾನ

ಅಪರೂಪಕ್ಕೊಮ್ಮೆ ಕುಡಿಯುವ ಹೆಚ್ಚಿನವರಿಗೆ ತಮ್ಮದೆಂದು ಹೇಳಿಕೊಳ್ಳುವ ಒಂದೇ ಒಂದು ಪಾನೀಯವಿರುತ್ತದೆ. ಮೊದಲ ಸಲ ಯಾರೋ ಗೆಳೆಯರು ಕೊಡಿಸಿದ್ದನ್ನೇ ಹತ್ತಾರು ವರ್ಷ ಕುಡಿಯುತ್ತಾ ಬಂದಿರುತ್ತಾರೆ. ಅದು ನಿಜವಾಗಿ ಇಷ್ಟವೋ ಅಥವಾ ಬರೀ ರೂಢಿಯೋ ಎಂದು ಕೇಳಿಕೊಳ್ಳುವ ಸಂದರ್ಭವೇ ಬಂದಿರುವುದಿಲ್ಲ. ಬೇರೆಯದನ್ನು ನೋಡೋಣವೆಂದು ಕಪಾಟಿನ ಮುಂದೆ ನಿಂತರೆ ನೂರಾರು ಬಾಟಲಿಗಳು, ಬಾಯಿ ತಿರುಗದ ಹೆಸರುಗಳು, ಅವುಗಳ ಮೇಲೆ ವರ್ಷಗಳು, ಊರುಗಳು, ಬಿರುದುಗಳು. ಕೊನೆಗೆ ಕೈ ಹಳೆಯ ಬಾಟಲಿಯ ಕಡೆಗೇ ಹೋಗುತ್ತದೆ. ಈ ಬರಹ ಅಂಥವರಿಗಾಗಿ. ಹೆಚ್ಚು ಕುಡಿಯದೆ ಹೆಚ್ಚು ತಿಳಿದುಕೊಳ್ಳುವುದು ಹೇಗೆ ಎಂಬುದಷ್ಟೇ ಇದರ ವಿಷಯ. ಈಗ ಕುಡಿಯದೇ ಇರುವವರು ಕುಡಿಯಲು ತೊಡಗಲಿ ಎಂಬ ಉದ್ದೇಶ ಇದಕ್ಕಿಲ್ಲ.

ವಿಧಾನ ಒಂದೇ. ಯಾವುದನ್ನೇ ಆಗಲಿ ಒಂಟಿಯಾಗಿ ರುಚಿ ನೋಡಬೇಡಿ. ಒಂದೇ ಒಂದು ಅಂಶದಲ್ಲಿ ಬೇರೆಯಾಗಿರುವ ಎರಡನ್ನು, ಬಹಳ ಕಡಿಮೆ ಪ್ರಮಾಣದಲ್ಲಿ, ಅಕ್ಕಪಕ್ಕದ ಎರಡು ಲೋಟಗಳಲ್ಲಿ ಇಟ್ಟುಕೊಂಡು ನೋಡಿ. ಮೂಗಿಗೂ ನಾಲಿಗೆಗೂ ನೆನಪಿಡುವ ಶಕ್ತಿ ಕಡಿಮೆ, ಹೋಲಿಸುವ ಶಕ್ತಿ ಹೆಚ್ಚು. ಹೋದ ತಿಂಗಳು ಕುಡಿದ ವೈನು ಹೇಗಿತ್ತು ಎಂದು ಕೇಳಿದರೆ "ಚೆನ್ನಾಗಿತ್ತು" ಎನ್ನುವುದರಾಚೆ ಮಾತು ಹೊರಡುವುದಿಲ್ಲ. ಎರಡು ಲೋಟಗಳು ಎದುರಿಗಿದ್ದಾಗ ಮಾತ್ರ ಇದು ಹೆಚ್ಚು ಹುಳಿ, ಅದು ಹೆಚ್ಚು ಒಗರು, ಇದಕ್ಕೆ ಹೊಗೆಯ ವಾಸನೆ ಇದೆ, ಅದಕ್ಕಿಲ್ಲ ಎಂದು ತರಬೇತಿಯಿಲ್ಲದವರೂ ತಾವಾಗಿಯೇ ಹೇಳತೊಡಗುತ್ತಾರೆ.

ಮೊದಲು ಪ್ರಮಾಣದ ಲೆಕ್ಕ

ರುಚಿಯ ಮಾತಿಗೆ ಮುಂಚೆ ಪ್ರಮಾಣದ ಮಾತನ್ನು ಮುಗಿಸಿಬಿಡುವುದು ಒಳ್ಳೆಯದು. ಬಾಟಲಿಯ ಮೇಲೆ ಶೇಕಡಾವಾರಿನಲ್ಲಿ ಅಚ್ಚಾಗಿರುವ ಸಂಖ್ಯೆಯು ಆ ದ್ರವದಲ್ಲಿ ಗಾತ್ರದ ಲೆಕ್ಕದಲ್ಲಿ ಎಷ್ಟು ಪಾಲು ಮದ್ಯಸಾರವಿದೆ ಎಂಬುದನ್ನು ತಿಳಿಸುತ್ತದೆ. ಕುಡಿಯುವ ಮಿಲಿಲೀಟರುಗಳನ್ನು ಆ ಶೇಕಡಾವಾರಿನಿಂದಲೂ ಮದ್ಯಸಾರದ ಸಾಂದ್ರತೆಯಾದ 0.789ರಿಂದಲೂ ಗುಣಿಸಿದರೆ ಎಷ್ಟು ಗ್ರಾಂ ಮದ್ಯಸಾರ ದೇಹಕ್ಕೆ ಸೇರುತ್ತದೆ ಎಂಬುದು ಗೊತ್ತಾಗುತ್ತದೆ. ಶೇ. 5ರ ಬಿಯರು 330 ಮಿ.ಲೀ. ಎಂದರೆ 13 ಗ್ರಾಂ, ಶೇ. 13ರ ವೈನು 150 ಮಿ.ಲೀ. ಎಂದರೆ ಸುಮಾರು 15 ಗ್ರಾಂ, ಶೇ. 40ರ ವಿಸ್ಕಿ 30 ಮಿ.ಲೀ. ಎಂದರೆ ಸುಮಾರು 9.5 ಗ್ರಾಂ. "ನಾನು ಬರೀ ವೈನ್ ಕುಡಿಯುವವನು" ಎಂದು ಸಮಾಧಾನಪಟ್ಟುಕೊಳ್ಳುವವರು ಈ ಮೂರು ಸಂಖ್ಯೆಗಳನ್ನು ಇನ್ನೊಮ್ಮೆ ಓದುವುದು ಮೇಲು. ಆರೋಗ್ಯವಂತ ವಯಸ್ಕರ ದೇಹವು ಗಂಟೆಗೆ ಸರಿಸುಮಾರು 7ರಿಂದ 10 ಗ್ರಾಂ ಮದ್ಯಸಾರವನ್ನು ಕರಗಿಸಬಲ್ಲದು. ಕಾಫಿಯಾಗಲಿ ತಣ್ಣೀರಿನ ಸ್ನಾನವಾಗಲಿ ಈ ವೇಗವನ್ನು ಹೆಚ್ಚಿಸುವುದಿಲ್ಲ.

ಆದ್ದರಿಂದ ಹೋಲಿಸಿ ನೋಡುವ ದಿನ ಬಟ್ಟಿ ಇಳಿಸಿದ ಮದ್ಯವಾದರೆ ಪ್ರತಿ ಲೋಟಕ್ಕೆ 15 ಮಿ.ಲೀ., ವೈನಾದರೆ ಪ್ರತಿ ಲೋಟಕ್ಕೆ 50 ಮಿ.ಲೀ. ಸಾಕು. ಎರಡು ಲೋಟ ಸೇರಿದರೂ ಒಟ್ಟು 10 ಗ್ರಾಂ ಆಸುಪಾಸಿನಲ್ಲೇ ಉಳಿಯುತ್ತದೆ. ವೃತ್ತಿಯಿಂದಲೇ ರುಚಿ ನೋಡುವವರು ಬಾಯಲ್ಲಿ ಆಡಿಸಿ ಉಗುಳಿಬಿಡುತ್ತಾರೆ. ಮನೆಯಲ್ಲಿ ಹಾಗೆ ಮಾಡುವುದರಲ್ಲಿ ಸಂಕೋಚಪಡುವಂಥದ್ದೇನೂ ಇಲ್ಲ. ಮೂರನೆಯ ಪಾನೀಯದ ಹೊತ್ತಿಗೆ ನಾಲಿಗೆ ಮಂಕಾಗುವುದರಿಂದ ಹೆಚ್ಚು ಕುಡಿದವರು ಕಡಿಮೆ ಕಲಿಯುತ್ತಾರೆ ಎಂಬುದು ಈ ವಿಷಯದ ಒಂದು ವಿಚಿತ್ರ ನ್ಯಾಯ.

ಆರೋಗ್ಯದ ಬಗ್ಗೆ ಬಣ್ಣ ಹಚ್ಚಿ ಹೇಳುವ ಅಗತ್ಯವಿಲ್ಲ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 1988ರಲ್ಲೇ ಮದ್ಯಪಾನೀಯಗಳನ್ನು ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿದೆ; ಇಷ್ಟು ಕುಡಿದರೆ ಅಪಾಯವಿಲ್ಲ ಎನ್ನಬಹುದಾದ ಪ್ರಮಾಣ ಯಾವುದೂ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆಯು 2023ರ ಜನವರಿಯಲ್ಲಿ ಹೇಳಿದೆ. ಗರ್ಭಿಣಿಯರು, ಕಾನೂನಿನ ವಯಸ್ಸು ತುಂಬದವರು, ಯಕೃತ್ತಿನ ತೊಂದರೆ ಇರುವವರು, ನಿದ್ರೆಯ ಮಾತ್ರೆಯನ್ನೋ ಮದ್ಯದ ಜೊತೆ ಹೊಂದದ ಬೇರೆ ಔಷಧಿಯನ್ನೋ ತೆಗೆದುಕೊಳ್ಳುತ್ತಿರುವವರು, ಹಿಂದೊಮ್ಮೆ ಚಟಕ್ಕೆ ಬಿದ್ದು ಹೊರಬಂದವರು ಮತ್ತು ಅಂದು ವಾಹನ ಓಡಿಸಬೇಕಾದವರು ಈ ಪ್ರಯೋಗಕ್ಕೆ ಇಳಿಯಲೇಬಾರದು.

ಹೆಸರುಗಳ ಕಾಡಿನಲ್ಲಿ ನಾಲ್ಕು ಪ್ರಶ್ನೆಗಳು

ಲೋಕದ ಎಲ್ಲ ಮದ್ಯಗಳನ್ನೂ ನಾಲ್ಕು ಪ್ರಶ್ನೆಗಳಿಂದ ಬಿಡಿಸಿ ನೋಡಬಹುದು: ಯಾವುದರಿಂದ ಮಾಡಿದ್ದು, ಹುದುಗಿಸಿದ್ದು ಮಾತ್ರವೋ ಅಥವಾ ಬಟ್ಟಿ ಇಳಿಸಿದ್ದೋ, ಆಮೇಲೆ ಯಾವ ಪಾತ್ರೆಯಲ್ಲಿ ಎಷ್ಟು ಕಾಲ ಇಟ್ಟಿದ್ದರು, ಕೊನೆಗೆ ಏನನ್ನಾದರೂ ಬೆರೆಸಿದರೋ ಇಲ್ಲವೋ. ಯೀಸ್ಟ್ ಎಂಬ ಸೂಕ್ಷ್ಮಜೀವಿಯು ಸಕ್ಕರೆಯನ್ನು ತಿಂದು ಮದ್ಯಸಾರವನ್ನೂ ಇಂಗಾಲದ ಡೈಆಕ್ಸೈಡನ್ನೂ ಬಿಡುವುದೇ ಹುದುಗುವಿಕೆ. ದ್ರಾಕ್ಷಿಯ ರಸದಲ್ಲಿ ಸಕ್ಕರೆ ಸಿದ್ಧವಾಗಿಯೇ ಇರುತ್ತದೆ. ಬಾರ್ಲಿಯಂಥ ಧಾನ್ಯದಲ್ಲಿ ಇರುವುದು ಪಿಷ್ಟವಾದ್ದರಿಂದ ಅದನ್ನು ಮೊದಲು ಮೊಳಕೆ ಬರಿಸಿಯೋ ಬೇರೆ ರೀತಿಯಲ್ಲೋ ಸಕ್ಕರೆಯಾಗಿಸಬೇಕಾಗುತ್ತದೆ. ಮದ್ಯಸಾರ ಶೇ. 15ರ ಆಚೀಚೆ ಮುಟ್ಟಿದಾಗ ಹೆಚ್ಚಿನ ಯೀಸ್ಟುಗಳು ತಾವೇ ಮಾಡಿದ ಮದ್ಯಸಾರದಲ್ಲಿ ಸೋತುಹೋಗುತ್ತವೆ. ಬಿಯರೂ ವೈನೂ ಇದಕ್ಕಿಂತ ಮೇಲೇರದಿರಲು ಕಾರಣ ಇದೇ. ಮೇಲೇರಬೇಕೆಂದರೆ ಬಟ್ಟಿ ಇಳಿಸಬೇಕು: ಮದ್ಯಸಾರವು ಸುಮಾರು 78 ಡಿಗ್ರಿ ಸೆಲ್ಸಿಯಸ್‌ನಲ್ಲಿ, ನೀರು 100 ಡಿಗ್ರಿಯಲ್ಲಿ ಕುದಿಯುವುದರಿಂದ, ಕಾಯಿಸಿದಾಗ ಮೊದಲು ಏಳುವ ಆವಿಯಲ್ಲಿ ಮದ್ಯಸಾರದ ಪಾಲು ಹೆಚ್ಚಿರುತ್ತದೆ. ಆ ಆವಿಯನ್ನು ತಣಿಸಿ ಹಿಡಿದದ್ದೇ ವಿಸ್ಕಿ, ಬ್ರಾಂದಿ, ರಮ್ ಇತ್ಯಾದಿಗಳ ಮೂಲರೂಪ. ಆಗ ಅವೆಲ್ಲವೂ ನೀರಿನಷ್ಟೇ ತಿಳಿಯಾಗಿರುತ್ತವೆ; ಬಣ್ಣ ಬರುವುದು ಆಮೇಲೆ.

ರುಚಿ ನೋಡುವ ಕ್ರಮ

ಬಾಯಿ ಕಿರಿದಾಗಿ ಹೊಟ್ಟೆ ಉಬ್ಬಿದ, ಕಾಲಿರುವ ಯಾವ ಗಾಜಿನ ಲೋಟವಾದರೂ ನಡೆಯುತ್ತದೆ. ಅಗಲ ಬಾಯಿಯ ಲೋಟದಲ್ಲಿ ವಾಸನೆ ಚದುರಿಹೋಗುತ್ತದೆ. ಮೂಗಿಗೆ ಇಲ್ಲಿ ಇರುವ ಪ್ರಾಮುಖ್ಯವನ್ನು ಅನೇಕರು ಅರಿಯರು: ನಾಲಿಗೆಗೆ ತಿಳಿಯುವುದು ಸಿಹಿ, ಹುಳಿ, ಉಪ್ಪು, ಕಹಿ ಮೊದಲಾದ ಕೆಲವೇ ರುಚಿಗಳು, ಸೇಬು, ವೆನಿಲಾ, ಹೊಗೆ, ಮಳೆಗೆ ನೆನೆದ ಮಣ್ಣು ಎಂದೆಲ್ಲ ನಾವು ಹೇಳುವುದು ಬಾಯಿಯ ಹಿಂಭಾಗದಿಂದ ಮೂಗಿಗೆ ಏರುವ ವಾಸನೆಯನ್ನೇ. ಗುಟುಕನ್ನು ಬಾಯಲ್ಲಿಟ್ಟುಕೊಂಡು ಮೂಗು ಮುಚ್ಚಿ ನೋಡಿದರೆ ಇದು ಅರೆಕ್ಷಣದಲ್ಲಿ ಮನದಟ್ಟಾಗುತ್ತದೆ.

ವೈನನ್ನು ಲೋಟದಲ್ಲಿ ಒಮ್ಮೆ ಸುತ್ತಿಸಿ ಮೂಗನ್ನು ಒಳಕ್ಕೆ ಒಯ್ಯಬಹುದು. ವಿಸ್ಕಿ, ರಮ್‌ಗಳ ವಿಷಯದಲ್ಲಿ ಹಾಗೆ ಮಾಡಿದರೆ ಮದ್ಯಸಾರದ ಘಾಟು ಮೂಗನ್ನು ಸುಟ್ಟು ಮುಂದಿನ ಹತ್ತು ನಿಮಿಷ ಏನೂ ತಿಳಿಯದಂತೆ ಮಾಡುತ್ತದೆ. ಲೋಟವನ್ನು ಗಲ್ಲದ ಮಟ್ಟದಲ್ಲಿ ಹಿಡಿದು, ಬಾಯಿಯನ್ನು ಸ್ವಲ್ಪ ತೆರೆದು, ನಿಧಾನವಾಗಿ ಮೇಲಕ್ಕೆ ತನ್ನಿ. ಮೊದಲ ಗುಟುಕನ್ನು ಲೆಕ್ಕಕ್ಕೆ ಇಟ್ಟುಕೊಳ್ಳಬೇಡಿ, ಅದು ಬಾಯಿಯನ್ನು ಅಣಿಗೊಳಿಸುವುದಕ್ಕೆ. ಎರಡನೆಯದರಿಂದ ಗಮನವಿಡಿ: ತುಟಿಗೆ ತಾಕಿದಾಗ ಏನು, ಬಾಯಿ ತುಂಬಾ ಹರಡಿದಾಗ ಏನು, ನುಂಗಿದ ಮೇಲೆ ಎಷ್ಟು ಹೊತ್ತು ಏನು ಉಳಿಯಿತು. ಅನ್ನಿಸಿದ್ದನ್ನು ಎರಡೇ ಸಾಲು ಬರೆದಿಡಿ, ಅದೂ ನಿಮ್ಮ ಮಾತಿನಲ್ಲೇ. ಹಳೆಯ ಪೆಟ್ಟಿಗೆಯ ವಾಸನೆ ಎಂದೆನಿಸಿದರೆ ಹಾಗೆಯೇ ಬರೆಯಿರಿ. ನೀವು ಮೂಸಿಯೇ ನೋಡದ ಹಣ್ಣುಗಳ ಹೆಸರನ್ನು ಬಾಟಲಿಯ ಹಿಂಬದಿಯಿಂದ ನಕಲು ಮಾಡುವುದರಿಂದ ಪ್ರಯೋಜನವಿಲ್ಲ.

ನೀರು ಬೆರೆಸುವುದು ಅಪಚಾರವೆಂಬ ಮಾತನ್ನು ತಲೆಯಿಂದ ತೆಗೆದುಹಾಕಬೇಕು. ಸ್ವೀಡನ್ನಿನ ಲಿನ್ನೇಯಸ್ ವಿಶ್ವವಿದ್ಯಾಲಯದ ಇಬ್ಬರು ಸಂಶೋಧಕರು 2017ರಲ್ಲಿ ಪ್ರಕಟಿಸಿದ ಗಣಕ ಮಾದರಿಯ ಅಧ್ಯಯನದಲ್ಲಿ, ವಿಸ್ಕಿಗೆ ಹೊಗೆಯ ವಾಸನೆ ಕೊಡುವ ಗ್ವಾಯಕೋಲ್ ಎಂಬ ಅಣುವು ಮದ್ಯಸಾರ ಹೆಚ್ಚಿದ್ದಾಗ ದ್ರವದ ಒಳಗೆ ಅಡಗಿಕೊಂಡು, ನೀರು ಸೇರಿ ತೆಳುವಾದಾಗ ಮೇಲ್ಮೈಗೆ ಬರುತ್ತದೆಂದು ತೋರಿಸಿದರು. ಹೀಗಾಗಿ ಅರ್ಧ ಚಮಚ ನೀರು ಹಾಕಿ ಮತ್ತೊಮ್ಮೆ ಮೂಸುವುದು ಹೋಲಿಕೆಯ ಭಾಗವೇ ಆಗಬೇಕು. ಮಂಜುಗಡ್ಡೆಯದು ಬೇರೆ ಕತೆ. ತಣ್ಣಗಾದಷ್ಟೂ ವಾಸನೆ ಏಳುವುದು ಕಡಿಮೆ, ನಾಲಿಗೆಯೂ ಮರಗಟ್ಟುತ್ತದೆ. ತಿಳಿಯಲು ಕುಡಿಯುವ ದಿನ ಅದು ಬೇಡ, ಸಂತೋಷಕ್ಕೆ ಕುಡಿಯುವ ದಿನ ಧಾರಾಳವಾಗಿ ಹಾಕಿಕೊಳ್ಳಿ.

ಬಟ್ಟಿ ಇಳಿಸಿದವುಗಳು: ಯಾವುದನ್ನು ಯಾವುದರ ಪಕ್ಕ ಇಡಬೇಕು

ಮೊದಲ ಜೋಡಿಯಾಗಿ ವೋಡ್ಕಾ ಮತ್ತು ಜಿನ್‌ಗಳನ್ನು ಸೂಚಿಸುತ್ತೇನೆ. ವೋಡ್ಕಾ ಎಂದರೆ ಧಾನ್ಯದಿಂದಲೋ ಆಲೂಗಡ್ಡೆಯಿಂದಲೋ ಬಂದ ಮದ್ಯಸಾರವನ್ನು ಸಾಧ್ಯವಾದಷ್ಟು ಶುದ್ಧಗೊಳಿಸಿ ನೀರು ಬೆರೆಸಿದ್ದು. ಮೂಲದ ರುಚಿ ಬಹುಮಟ್ಟಿಗೆ ಅಳಿದುಹೋಗಿರಬೇಕೆಂಬುದೇ ಅದನ್ನು ಮಾಡುವವರ ಗುರಿ. ಹೆಚ್ಚುಕಡಿಮೆ ಅಂಥದೇ ತಟಸ್ಥ ಮದ್ಯಸಾರಕ್ಕೆ ಜುನಿಪರ್ ಎಂಬ ಗಿಡದ ಕಾಯಿ, ಕೊತ್ತಂಬರಿ ಬೀಜ, ನಿಂಬೆಜಾತಿಯ ಸಿಪ್ಪೆ, ಕೆಲವು ಬೇರುಗಳ ಪರಿಮಳ ಹಿಡಿಸಿದರೆ ಅದು ಜಿನ್. ಇವೆರಡನ್ನೂ ಪಕ್ಕಪಕ್ಕದಲ್ಲಿ ಮೂಸಿದಾಗ ಬರೀ ಮದ್ಯಸಾರ ಯಾವುದು, ಬೆರೆಸಿದ ಪರಿಮಳ ಯಾವುದು ಎಂಬುದು ಜೀವಮಾನವಿಡೀ ಮರೆಯದಂತೆ ಸ್ಪಷ್ಟವಾಗುತ್ತದೆ. ಬಾಟಲಿಯ ಮೇಲೆ ಲಂಡನ್ ಡ್ರೈ ಎಂದಿದ್ದರೆ ಅದು ಮಾಡುವ ವಿಧಾನದ ಹೆಸರೇ ಹೊರತು ಊರಿನ ಗುರುತಲ್ಲ. ಎಲ್ಲ ಪರಿಮಳವೂ ಬಟ್ಟಿ ಇಳಿಸುವಾಗಲೇ ಸೇರಿರಬೇಕೆಂಬುದು ಅದರ ಮುಖ್ಯ ನಿಯಮ.

ಎರಡನೆಯ ಜೋಡಿ ಮರದ ಪೀಪಾಯಿಯ ಕೆಲಸವನ್ನು ತೋರಿಸಬೇಕು. ಇದಕ್ಕೆ ಟಕಿಲಾ ಬಹಳ ಅನುಕೂಲ. ಮೆಕ್ಸಿಕೋದಲ್ಲಿ, ಮುಖ್ಯವಾಗಿ ಹಲಿಸ್ಕೋ ಪ್ರಾಂತ್ಯದಲ್ಲಿ, ನೀಲಿ ಅಗಾವೆ ಎಂಬ ಕತ್ತಾಳೆಯ ಬಳಗದ ಗಿಡದ ತಿರುಳನ್ನು ಬೇಯಿಸಿ, ಹುದುಗಿಸಿ, ಬಟ್ಟಿ ಇಳಿಸಿದ್ದು ಇದು. ಬ್ಲಾಂಕೋ ಎಂಬುದು ಸಾಮಾನ್ಯವಾಗಿ ಮರದ ಸಂಪರ್ಕವಿಲ್ಲದ್ದು. ರೆಪೊಸಾಡೋ ಕನಿಷ್ಠ 2 ತಿಂಗಳು, ಅನ್ಯೆಹೊ ಕನಿಷ್ಠ 1 ವರ್ಷ ಓಕ್ ಮರದ ಸಂಗದಲ್ಲಿ ಕಳೆದದ್ದು. ಒಂದೇ ತಯಾರಕರ ಬ್ಲಾಂಕೋ ಮತ್ತು ಅನ್ಯೆಹೊಗಳನ್ನು ಹೋಲಿಸಿದರೆ ಗಿಡದ ಹಸಿ, ಮೆಣಸಿನಂಥ ಚುರುಕು ಹೇಗೆ ಹಿಂದೆ ಸರಿದು ವೆನಿಲಾ, ಸುಟ್ಟ ಸಕ್ಕರೆಗಳ ಮೆದುತನ ಮುಂದೆ ಬರುತ್ತದೆಂದು ಕಾಣುತ್ತದೆ. ಕೊಳ್ಳುವಾಗ ಶೇ. 100 ಅಗಾವೆ ಎಂಬ ಬರಹ ಇದೆಯೇ ನೋಡಿ. ಇಲ್ಲದಿದ್ದರೆ ಹುದುಗಿಸಿದ ಸಕ್ಕರೆಯಲ್ಲಿ ಶೇ. 49ರವರೆಗೂ ಬೇರೆ ಮೂಲದ್ದಿರಬಹುದು. ಟಕಿಲಾದ ಸೋದರನಾದ ಮೆಸ್ಕಾಲ್‌ನಲ್ಲಿ ಅಗಾವೆಯನ್ನು ಸಾಂಪ್ರದಾಯಿಕವಾಗಿ ನೆಲದ ಗುಂಡಿಯಲ್ಲಿ ಕಾದ ಕಲ್ಲುಗಳ ಮೇಲೆ ಸುಡುತ್ತಾರೆ. ಅದರ ಹೊಗೆವಾಸನೆ ಬಂದದ್ದು ಅಲ್ಲಿಂದ.

ವಿಸ್ಕಿಗೆ ಸ್ವಲ್ಪ ಹೆಚ್ಚು ಜಾಗ ಕೊಡಬೇಕು, ಏಕೆಂದರೆ ಗೊಂದಲವೂ ಅಲ್ಲೇ ಹೆಚ್ಚು. ಅಮೆರಿಕದ ಬರ್ಬನ್‌ನಲ್ಲಿ ಧಾನ್ಯದ ಕನಿಷ್ಠ ಶೇ. 51ರಷ್ಟು ಮೆಕ್ಕೆಜೋಳ ಇರಬೇಕು ಮತ್ತು ಅದನ್ನು ಒಳಮೈ ಸುಟ್ಟ ಹೊಚ್ಚಹೊಸ ಓಕ್ ಪಾತ್ರೆಯಲ್ಲಿ ಇಡಬೇಕು. ಹೊಸ ಮರವಾದ್ದರಿಂದ ವೆನಿಲಾ ಮತ್ತು ಸುಟ್ಟ ಸಕ್ಕರೆಯ ಪರಿಮಳ ಬೇಗನೆ, ದಟ್ಟವಾಗಿ ಇಳಿಯುತ್ತದೆ. ಒಮ್ಮೆ ಬಳಸಿದ ಪೀಪಾಯಿಯನ್ನು ಬರ್ಬನ್ನಿಗೆ ಮತ್ತೆ ಬಳಸುವಂತಿಲ್ಲದ ಕಾರಣ ಅವು ದೊಡ್ಡ ಸಂಖ್ಯೆಯಲ್ಲಿ ಸ್ಕಾಟ್ಲೆಂಡಿಗೆ ಹೋಗುತ್ತವೆ. ಅಲ್ಲಿ ಸ್ಕಾಚ್ ವಿಸ್ಕಿಯು ಕನಿಷ್ಠ 3 ವರ್ಷ ಓಕ್ ಪೀಪಾಯಿಯಲ್ಲಿ ಕಳೆಯಲೇಬೇಕು, ಬಾಟಲಿಗೆ ಬರುವಾಗ ಕನಿಷ್ಠ ಶೇ. 40 ಮದ್ಯಸಾರ ಇರಲೇಬೇಕು. ಹಳೆಯ ಮರ ಮೃದುವಾಗಿ ಕೆಲಸ ಮಾಡುವುದರಿಂದ ಬಾರ್ಲಿಯ ಸ್ವಭಾವ ಉಳಿಯುತ್ತದೆ. ಹೀಗಾಗಿ ಒಂದು ಬರ್ಬನ್, ಒಂದು ಹೊಗೆಯಿಲ್ಲದ ಸಿಂಗಲ್ ಮಾಲ್ಟ್ (ಒಂದೇ ಭಟ್ಟಿಯಲ್ಲಿ ಮೊಳಕೆ ಬರಿಸಿದ ಬಾರ್ಲಿಯಿಂದಷ್ಟೇ ಮಾಡಿದ ಸ್ಕಾಚ್) ಅಕ್ಕಪಕ್ಕ ಇಟ್ಟರೆ ಧಾನ್ಯ, ಮರ ಎರಡರ ವ್ಯತ್ಯಾಸವೂ ಒಟ್ಟಿಗೆ ಗೊತ್ತಾಗುತ್ತದೆ. ಒಂದೇ ಅಂಶ ಬೇರೆಯಾಗಿರಬೇಕೆಂಬ ನನ್ನ ನಿಯಮವನ್ನು ಇಲ್ಲಿ ನಾನೇ ಮುರಿಯುತ್ತಿದ್ದೇನೆ. ಆದರೆ ಈ ಜೋಡಿಯಷ್ಟು ಬೇಗ ಕಣ್ಣು ತೆರೆಸುವುದು ಮತ್ತೊಂದಿಲ್ಲ.

ಮುಂದಿನ ಹೆಜ್ಜೆಯಾಗಿ ಹೊಗೆಯಿಲ್ಲದ ಸ್ಕಾಚಿನ ಪಕ್ಕದಲ್ಲಿ ಸ್ಕಾಟ್ಲೆಂಡಿನ ಐಲಾ ದ್ವೀಪದ ಹೊಗೆಯ ವಿಸ್ಕಿಯನ್ನು ಇಡಿ. ಜೌಗುನೆಲದಲ್ಲಿ ಸಸ್ಯಗಳು ಸಾವಿರಾರು ವರ್ಷ ಅರೆಕೊಳೆತು ಆದ ಪೀಟ್ ಎಂಬ ಇಂಧನವನ್ನು ಉರಿಸಿ, ಮೊಳಕೆ ಬಂದ ಬಾರ್ಲಿಯನ್ನು ಅದರ ಹೊಗೆಯಲ್ಲಿ ಒಣಗಿಸುವುದರಿಂದ ಆ ವಾಸನೆ ಕಾಳಿಗೆ ಹತ್ತುತ್ತದೆ. ಮೊದಲ ಸಲ ಮೂಸಿದ ಬಹಳ ಮಂದಿಗೆ ಆಸ್ಪತ್ರೆಯ ನೆನಪಾಗುತ್ತದೆ. ನನಗೂ ಹಾಗೇ ಆಗಿತ್ತು. ಇಷ್ಟವಾಗದಿದ್ದರೆ ಬಲವಂತ ಮಾಡಿಕೊಳ್ಳಬೇಕಾಗಿಲ್ಲ, ಆರು ತಿಂಗಳ ನಂತರ ಇನ್ನೊಮ್ಮೆ ನೋಡಿದರೆ ಸಾಕು. ಬಾಟಲಿಯ ಮೇಲಿನ ವಯಸ್ಸಿನ ಬಗ್ಗೆ ಒಂದು ಮಾತು: ಸ್ಕಾಚಿನಲ್ಲಿ ಅದು ಒಳಗಿರುವವುಗಳಲ್ಲಿ ಅತಿ ಕಿರಿಯದರ ವಯಸ್ಸು. ಹೆಚ್ಚು ವಯಸ್ಸೆಂದರೆ ಮರದ ಪ್ರಭಾವ ಹೆಚ್ಚು ಎಂದಷ್ಟೇ ಅರ್ಥ, ಹೆಚ್ಚು ರುಚಿ ಎಂದಲ್ಲ. ಬಣ್ಣವನ್ನಂತೂ ನಂಬಲೇಬಾರದು, ಏಕೆಂದರೆ ಕ್ಯಾರಮೆಲ್ ಬಣ್ಣವನ್ನು ಬೆರೆಸಲು ಸ್ಕಾಚಿನ ನಿಯಮಗಳೇ ಅನುಮತಿ ನೀಡುತ್ತವೆ.

ರಮ್ಮಿನಲ್ಲಿ ನೋಡಬೇಕಾದ ವ್ಯತ್ಯಾಸ ಮೂಲವಸ್ತುವಿನದು. ಹೆಚ್ಚಿನ ರಮ್ಮುಗಳು ಸಕ್ಕರೆ ತೆಗೆದ ಮೇಲೆ ಉಳಿಯುವ ಕಾಕಂಬಿಯಿಂದ ಆಗುತ್ತವೆ. ಮಾರ್ಟಿನೀಕ್‌ನಂಥ ಫ್ರೆಂಚ್ ಕೆರಿಬಿಯನ್ ದ್ವೀಪಗಳಲ್ಲಿ ಮಾತ್ರ ತಾಜಾ ಕಬ್ಬಿನ ಹಾಲನ್ನೇ ಹುದುಗಿಸಿ ಬಟ್ಟಿ ಇಳಿಸುವ ರೂಢಿ ಬಲವಾಗಿದೆ, ಅದಕ್ಕೆ ರಮ್ ಅಗ್ರಿಕೋಲ್ ಎನ್ನುತ್ತಾರೆ. ಎರಡರ ಬಿಳಿ ರೂಪಗಳನ್ನೂ ಹೋಲಿಸಿದರೆ ಒಂದರಲ್ಲಿ ಬೆಲ್ಲದ ಕಡೆಗೆ ವಾಲುವ ಮಂದ ಸಿಹಿವಾಸನೆ, ಇನ್ನೊಂದರಲ್ಲಿ ಆಗತಾನೇ ಕೊಯ್ದ ಹುಲ್ಲಿನ ಹಸಿವಾಸನೆ. ಜಮೈಕಾದ ಕೆಲವು ರಮ್ಮುಗಳಲ್ಲಿ ಹುದುಗುವಿಕೆಯನ್ನು ಬಹಳ ದಿನ ನಡೆಸುವುದರಿಂದ ಎಸ್ಟರುಗಳೆಂಬ ಸಂಯುಕ್ತಗಳು ಹೆಚ್ಚಿ, ಅತಿಯಾಗಿ ಕಳಿತ ಬಾಳೆಹಣ್ಣಿನ ವಾಸನೆ ಏಳುತ್ತದೆ.

ಬ್ರಾಂದಿ ಎಂದರೆ ವೈನನ್ನು ಬಟ್ಟಿ ಇಳಿಸಿದ್ದು. ಅದರಲ್ಲಿ ಫ್ರಾನ್ಸಿನ ಕೊನ್ಯಾಕ್ ಪ್ರದೇಶದ್ದು ಹೆಸರುವಾಸಿ, ಅದರ ಬಾಟಲಿಯ ಮೇಲೆ ವಿ.ಎಸ್. ಎಂದರೆ ಪೀಪಾಯಿಯಲ್ಲಿ ಕನಿಷ್ಠ 2 ವರ್ಷ, ವಿ.ಎಸ್.ಒ.ಪಿ. ಎಂದರೆ 4 ವರ್ಷ, ಎಕ್ಸ್.ಒ. ಎಂದರೆ 2018ರಿಂದ 10 ವರ್ಷ. ಇದೇ ಅಕ್ಷರಗಳು ಬೇರೆ ದೇಶಗಳ ಬ್ರಾಂದಿಯ ಮೇಲೆ ಇದ್ದರೆ ಅವಕ್ಕೆ ಇದೇ ಅರ್ಥವಿರಬೇಕೆಂದೇನೂ ಇಲ್ಲ. ಪೂರ್ವದ ಕಡೆಗೆ ಕುತೂಹಲವಿದ್ದವರು ಚೀನಾದ ಬೈಜಿಯುವನ್ನು ಒಮ್ಮೆಯಾದರೂ ನೋಡಬೇಕು. ಮುಖ್ಯವಾಗಿ ಜೋಳದಿಂದ ಮಾಡುವ, ಅನೇಕ ಸಲ ಶೇ. 50 ದಾಟುವ ಈ ಮದ್ಯದ ವಾಸನೆಯನ್ನು ಪಶ್ಚಿಮದ ಯಾವ ಮದ್ಯದ ಜೊತೆಗೂ ಹೋಲಿಸಲಾಗದು.

ವೈನು: ನಾಲ್ಕು ಅಳತೆಗಳು, ಕೆಲವು ಜೋಡಿಗಳು

ವೈನಿನ ಬಗ್ಗೆ ಬರೆಯುವವರು ನೂರೆಂಟು ಪರಿಮಳಗಳನ್ನು ಹೇಳುತ್ತಾರೆ. ಆರಂಭದಲ್ಲಿ ಅವೆಲ್ಲವನ್ನೂ ಪಕ್ಕಕ್ಕಿಟ್ಟು ಹುಳಿ, ಸಿಹಿ, ಒಗರು, ಮೈ ಎಂಬ ನಾಲ್ಕನ್ನು ಮಾತ್ರ ಗಮನಿಸಿ. ಹುಳಿ ಇದ್ದರೆ ನುಂಗಿದ ಮೇಲೆ ಬಾಯಲ್ಲಿ ನೀರೂರುತ್ತದೆ. ಒಗರು ಬರುವುದು ದ್ರಾಕ್ಷಿಯ ಸಿಪ್ಪೆ, ಬೀಜಗಳಲ್ಲಿರುವ ಟ್ಯಾನಿನ್‌ಗಳಿಂದ. ಅದು ಬಾಯಿಯನ್ನು ಒಣಗಿಸಿ ಒಸಡನ್ನು ಹಿಡಿದಂತೆ ಮಾಡುತ್ತದೆ. ಕಡುಚಹಾ ಕುಡಿದವರಿಗೆ ಇದು ಹೊಸದಲ್ಲ. ಮೈ ಎಂದರೆ ಬಾಯಲ್ಲಿ ಅನಿಸುವ ತೂಕ, ನೀರು ಮತ್ತು ಕೆನೆಹಾಲುಗಳ ನಡುವಿನ ವ್ಯತ್ಯಾಸದಂತೆ. ಸಿಹಿಯ ವಿಷಯದಲ್ಲಿ ಒಂದು ಮೋಸವಿದೆ: ಮಾಗಿದ ಹಣ್ಣಿನ ವಾಸನೆಯನ್ನು ಮೆದುಳು ಸಿಹಿಯೆಂದೇ ಓದುತ್ತದೆ. ಮೂಗು ಮುಚ್ಚಿ ಕುಡಿದಾಗಲೂ ನಾಲಿಗೆಗೆ ಸಿಹಿ ತಿಳಿದರೆ ಮಾತ್ರ ಅದರಲ್ಲಿ ಸಕ್ಕರೆ ಉಳಿದಿದೆಯೆಂದು ಅರ್ಥ.

ಕೆಂಪು ವೈನನ್ನು ಕರಿದ್ರಾಕ್ಷಿಯ ಸಿಪ್ಪೆಯ ಜೊತೆಯಲ್ಲೇ ಹುದುಗಿಸುತ್ತಾರೆ, ಬಿಳಿಯದನ್ನು ಸಿಪ್ಪೆ ಬೇರ್ಪಡಿಸಿ ರಸವನ್ನಷ್ಟೇ ಹುದುಗಿಸುತ್ತಾರೆ, ರೋಸೆ ಎಂಬ ನಸುಗೆಂಪು ವೈನಿಗೆ ಸಿಪ್ಪೆಯ ಸಹವಾಸ ಕೆಲವೇ ಗಂಟೆಗಳದು. ಒಗರು ಕೆಂಪಿನಲ್ಲಿ ಹೆಚ್ಚು, ಬಿಳಿಯಲ್ಲಿ ಇಲ್ಲವೆನ್ನುವಷ್ಟು ಕಡಿಮೆ ಇರಲು ಇದೇ ಕಾರಣ. ಬಿಳಿಯಲ್ಲಿ ಮೊದಲ ಜೋಡಿಯಾಗಿ ಸೊವಿನ್ಯಾನ್ ಬ್ಲಾಂಕ್ ದ್ರಾಕ್ಷಿಯ ವೈನನ್ನೂ ಓಕ್ ಪೀಪಾಯಿಯಲ್ಲಿಟ್ಟ ಶಾರ್ಡನೆ ದ್ರಾಕ್ಷಿಯ ವೈನನ್ನೂ ಆರಿಸಿ: ಒಂದು ಹುಳಿಯಿಂದ ಚುರುಕಾದ, ಹಸಿರೆಲೆಯ ವಾಸನೆಯದು, ಇನ್ನೊಂದು ದುಂಡಗಿನ ಮೈಯದು, ಹಲವೊಮ್ಮೆ ಬೆಣ್ಣೆಯ ವಾಸನೆಯದು. ಆ ಬೆಣ್ಣೆಯ ವಾಸನೆ ಮರದ್ದಲ್ಲ. ವೈನಿನ ಕಟುವಾದ ಮ್ಯಾಲಿಕ್ ಆಮ್ಲವನ್ನು ಬ್ಯಾಕ್ಟೀರಿಯಾಗಳು ಮೃದುವಾದ ಲ್ಯಾಕ್ಟಿಕ್ ಆಮ್ಲವಾಗಿಸುವಾಗ ಹುಟ್ಟುವ ಡೈಅಸಿಟೈಲ್‌ನದು. ಕೆಂಪಿನಲ್ಲಿ ಪಿನೋ ನ್ವಾರ್ ಮತ್ತು ಕ್ಯಾಬರ್ನೆ ಸೊವಿನ್ಯಾನ್‌ಗಳನ್ನು ಎದುರುಬದುರು ನಿಲ್ಲಿಸಿ: ಮೊದಲನೆಯದು ತೆಳುಸಿಪ್ಪೆಯ ದ್ರಾಕ್ಷಿ, ಬಣ್ಣವೂ ಒಗರೂ ಹಗುರ; ಎರಡನೆಯದು ದಪ್ಪಸಿಪ್ಪೆಯದು, ಎರಡೂ ಗಾಢ.

ಆಮೇಲಿನ ಹೆಜ್ಜೆ ನನಗೆ ಅತ್ಯಂತ ಪ್ರಿಯವಾದದ್ದು. ಒಂದೇ ದ್ರಾಕ್ಷಿಯನ್ನು ಎರಡು ಊರುಗಳಿಂದ ತನ್ನಿ. ಫ್ರಾನ್ಸಿನ ಸಾನ್ಸೇರ್‌ನ ಬಿಳಿ ವೈನೂ ನ್ಯೂಜಿಲೆಂಡಿನ ಮಾರ್ಲ್‌ಬರೋದ ಸೊವಿನ್ಯಾನ್ ಬ್ಲಾಂಕೂ ಒಂದೇ ದ್ರಾಕ್ಷಿಯವು. ಫ್ರಾನ್ಸಿನ ರೋನ್ ಕಣಿವೆಯ ಉತ್ತರ ಭಾಗದ ಸಿರಾ ಮತ್ತು ಆಸ್ಟ್ರೇಲಿಯಾದ ಬರೋಸಾ ಕಣಿವೆಯ ಶಿರಾಜ್‌ಗಳೂ ಒಂದೇ. ತಂಪು ಹವೆಯಲ್ಲಿ ಹುಳಿ ಉಳಿಯುತ್ತದೆ. ಬಿಸಿಲು ಹೆಚ್ಚಾದಲ್ಲಿ ಸಕ್ಕರೆ ಏರಿ, ಅದರಿಂದ ಮದ್ಯಸಾರವೂ ಏರಿ, ಹಣ್ಣಿನ ವಾಸನೆ ಮುರಬ್ಬದ ಕಡೆಗೆ ಸರಿಯುತ್ತದೆ. ಈ ಜೋಡಿ ಲೇಬಲ್ ಓದುವುದನ್ನೂ ಕಲಿಸುತ್ತದೆ. ಯುರೋಪಿನ ಹಳೆಯ ಪ್ರದೇಶಗಳ ಬಾಟಲಿಗಳು ಊರಿನ ಹೆಸರನ್ನು ಹೇಳಿ ದ್ರಾಕ್ಷಿಯನ್ನು ಓದುಗರ ಊಹೆಗೆ ಬಿಡುತ್ತವೆ. ಕೆಂಪು ಬರ್ಗಂಡಿ ಎಂದರೆ ಬಹುಮಟ್ಟಿಗೆ ಪಿನೋ ನ್ವಾರ್, ಶಾಬ್ಲಿ ಎಂದರೆ ಶಾರ್ಡನೆ, ಕೆಂಪು ಬೋರ್ಡೋ ಎಂದರೆ ಹೆಚ್ಚಾಗಿ ಕ್ಯಾಬರ್ನೆ ಮತ್ತು ಮೆರ್ಲೋಗಳ ಬೆರಕೆ. ಹೊಸ ಪ್ರದೇಶಗಳು ದ್ರಾಕ್ಷಿಯ ಹೆಸರನ್ನೇ ದೊಡ್ಡದಾಗಿ ಬರೆಯುತ್ತವೆ.

ಹೆಸರು ಕಂಡು ಮರುಳಾಗುವವರು 1976ರ ಮೇ 24ರಂದು ಪ್ಯಾರಿಸಿನಲ್ಲಿ ನಡೆದದ್ದನ್ನು ನೆನೆಯಬಹುದು. ಸ್ಟೀವನ್ ಸ್ಪರಿಯರ್ ಎಂಬ ಇಂಗ್ಲಿಷ್ ವೈನ್ ವ್ಯಾಪಾರಿ ಏರ್ಪಡಿಸಿದ, ಲೇಬಲ್ ಮುಚ್ಚಿ ರುಚಿ ನೋಡುವ ಸ್ಪರ್ಧೆಯಲ್ಲಿ ಫ್ರಾನ್ಸಿನ ತೀರ್ಪುಗಾರರೇ ಬಿಳಿಯಲ್ಲಿ ಕ್ಯಾಲಿಫೋರ್ನಿಯಾದ ಶಾಟೋ ಮಾಂಟಲೀನಾವನ್ನೂ ಕೆಂಪಿನಲ್ಲಿ ಅಲ್ಲಿಯದೇ ಸ್ಟ್ಯಾಗ್ಸ್ ಲೀಪ್ ವೈನ್ ಸೆಲ್ಲರ್ಸ್‌ನ ವೈನನ್ನೂ ಮೊದಲ ಸ್ಥಾನಕ್ಕೆ ಏರಿಸಿದರು. ಕಣ್ಣು ಮೂಗನ್ನು ವಂಚಿಸುವುದಕ್ಕೆ ಇನ್ನೂ ಕಟುವಾದ ಸಾಕ್ಷ್ಯ 2001ರಲ್ಲಿ ಪ್ರಕಟವಾದ ಬೋರ್ಡೋದ ಒಂದು ಪ್ರಯೋಗ. ವಾಸನೆಯಿಲ್ಲದ ಕೆಂಪು ಬಣ್ಣ ಬೆರೆಸಿದ ಬಿಳಿ ವೈನನ್ನು 54 ಮಂದಿಗೆ ಕೊಟ್ಟಾಗ ಅವರು ಅದನ್ನು ಕೆಂಪು ವೈನಿಗೆ ಬಳಸುವ ಮಾತುಗಳಿಂದಲೇ ವರ್ಣಿಸಿದರು. ವೈನಿನ ಶಾಸ್ತ್ರವನ್ನೇ ಓದುತ್ತಿದ್ದವರ ಪಾಡು ಇದಾದರೆ ನಮ್ಮ ನಿಮ್ಮ ಮಾತೇನು!

ಉಷ್ಣತೆಯನ್ನು ಸರಿಪಡಿಸುವುದರಿಂದ ಖರ್ಚಿಲ್ಲದೆ ಆಗುವಷ್ಟು ಲಾಭ ಮತ್ತಾವುದರಿಂದಲೂ ಆಗದು. ನೊರೆವೈನಿಗೆ 6ರಿಂದ 8 ಡಿಗ್ರಿ ಸೆಲ್ಸಿಯಸ್, ಬಿಳಿಗೆ 8ರಿಂದ 12, ಕೆಂಪಿಗೆ 14ರಿಂದ 18 ಡಿಗ್ರಿ ಸರಿ. ಕೆಂಪು ವೈನನ್ನು ಕೋಣೆಯ ಉಷ್ಣತೆಯಲ್ಲಿ ಕುಡಿಯಬೇಕೆಂಬ ಮಾತು ಹುಟ್ಟಿದ್ದು ಕೋಣೆಗಳು ಈಗಿನದಕ್ಕಿಂತ ತಣ್ಣಗಿದ್ದ ಕಾಲದಲ್ಲಿ; ಬೆಚ್ಚನೆಯ ಹವೆಯಲ್ಲಿ ಕೆಂಪು ಬಾಟಲಿಯನ್ನೂ ಇಪ್ಪತ್ತು ನಿಮಿಷ ಫ್ರಿಜ್ಜಿನಲ್ಲಿಡುವುದರಲ್ಲಿ ತಪ್ಪಿಲ್ಲ. ಒದ್ದೆ ರಟ್ಟಿನ, ಮುಗ್ಗಲು ನೆಲಮಾಳಿಗೆಯ ವಾಸನೆ ಬಂದರೆ ನಿಮ್ಮ ಮೂಗು ಕೆಟ್ಟಿಲ್ಲ. ಬಿರಡೆಯಿಂದ ಬರುವ ಟಿ.ಸಿ.ಎ. ಎಂಬ ರಾಸಾಯನಿಕದಿಂದ ವೈನೇ ಕೆಟ್ಟಿದೆ, ಹಿಂದಿರುಗಿಸಬಹುದು.

ನೊರೆವೈನುಗಳಲ್ಲಿ ಫ್ರಾನ್ಸಿನ ಶಾಂಪೇನ್ ಮತ್ತು ಇಟಲಿಯ ಪ್ರೊಸೆಕ್ಕೊ ಒಳ್ಳೆಯ ಜೋಡಿ. ಶಾಂಪೇನಿನಲ್ಲಿ ಎರಡನೆಯ ಹುದುಗುವಿಕೆ ಬಾಟಲಿಯೊಳಗೇ ನಡೆದು, ಸತ್ತ ಯೀಸ್ಟಿನ ಜೊತೆ ತಿಂಗಳುಗಟ್ಟಲೆ ಇರುವುದರಿಂದ ಬ್ರೆಡ್ಡಿನ ವಾಸನೆ ಬರುತ್ತದೆ. ಪ್ರೊಸೆಕ್ಕೊದಲ್ಲಿ ಅದು ಸಾಮಾನ್ಯವಾಗಿ ದೊಡ್ಡ ತೊಟ್ಟಿಯಲ್ಲಿ ನಡೆಯುವುದರಿಂದ ಹಣ್ಣಿನ ತಾಜಾತನ ಉಳಿಯುತ್ತದೆ. ಇವುಗಳ ಲೇಬಲ್ಲಿನಲ್ಲಿ ಬ್ರೂಟ್ ಎಂದರೆ ಲೀಟರಿಗೆ 12 ಗ್ರಾಂಗಿಂತ ಕಡಿಮೆ ಸಕ್ಕರೆ. ಎಕ್ಸ್‌ಟ್ರಾ ಡ್ರೈ ಎಂಬುದು ಹೆಸರಿಗೆ ವಿರುದ್ಧವಾಗಿ ಅದಕ್ಕಿಂತ ಸಿಹಿ, 12ರಿಂದ 17 ಗ್ರಾಂ. ಶಾಂಪೇನ್ ಬಾಟಲಿಯೊಳಗಿನ ಒತ್ತಡ ಸುಮಾರು 6 ವಾಯುಮಂಡಲಗಳಷ್ಟಿರುವುದರಿಂದ ಚೆನ್ನಾಗಿ ತಣಿಸಿ, ಯಾರ ಮುಖದ ಕಡೆಗೂ ತಿರುಗಿಸದೆ, ಬಿರಡೆಯನ್ನು ಬಿಗಿಹಿಡಿದು ಬಾಟಲಿಯನ್ನು ತಿರುಗಿಸಿ ತೆರೆಯಬೇಕು.

ಪೋರ್ಟ್ ಮತ್ತು ಶೆರಿಗಳು ವೈನಿಗೆ ಬಟ್ಟಿ ಇಳಿಸಿದ ಮದ್ಯಸಾರ ಬೆರೆಸಿದವು. ಪೋರ್ಟಿಗೆ ಹುದುಗುವಿಕೆಯ ನಡುವೆಯೇ ಬೆರೆಸುವುದರಿಂದ ಯೀಸ್ಟ್ ನಿಂತು ಸಕ್ಕರೆ ಉಳಿಯುತ್ತದೆ. ಫೀನೋ ಎಂಬ ಬಗೆಯ ಶೆರಿಗೆ ಹುದುಗುವಿಕೆ ಮುಗಿದ ಮೇಲೆ ಬೆರೆಸುವುದರಿಂದ ಅದು ಸಿಹಿಯಿಲ್ಲದ್ದು. ಜಪಾನಿನ ಸಾಕೆಯನ್ನು ಅಕ್ಕಿಯ ವೈನೆಂದು ಕರೆದರೂ ಅದು ತಯಾರಿಕೆಯಲ್ಲಿ ಬಿಯರಿಗೆ ಹತ್ತಿರ. ಕೋಜಿ ಎಂಬ ಬೂಷ್ಟು ಪಿಷ್ಟವನ್ನು ಸಕ್ಕರೆಯಾಗಿಸುತ್ತಿರುವಾಗಲೇ ಯೀಸ್ಟ್ ಅದನ್ನು ಮದ್ಯಸಾರವಾಗಿಸುತ್ತಿರುತ್ತದೆ. ಲಿಕ್ಯೂರುಗಳು ಸಕ್ಕರೆ ಮತ್ತು ಪರಿಮಳ ಸೇರಿಸಿದ ಮದ್ಯಗಳು. ಬೆರೆಸಿ ಕುಡಿಯಲು ಚೆನ್ನ, ಹೋಲಿಸಿ ಕಲಿಯಲು ಅಷ್ಟೇನೂ ಸಿಗದು.

ಕೊಳ್ಳುವುದು, ಇಡುವುದು, ಪರೀಕ್ಷಿಸಿಕೊಳ್ಳುವುದು

50 ಮಿ.ಲೀ.ನ ಪುಟ್ಟ ಬಾಟಲಿಗಳು ಸಿಗುವಲ್ಲಿ ಅವನ್ನೇ ಕೊಳ್ಳಿ. ಇಲ್ಲವಾದರೆ ಮೂವರು ನಾಲ್ವರು ಗೆಳೆಯರು ಒಬ್ಬೊಬ್ಬರು ಒಂದೊಂದು ಬಾಟಲಿ ತಂದು ಹಂಚಿಕೊಳ್ಳುವುದು ಸರಿಯಾದ ದಾರಿ. ತೆರೆದ ವೈನನ್ನು ಬಿರಡೆ ಮುಚ್ಚಿ ಫ್ರಿಜ್ಜಿನಲ್ಲಿಟ್ಟರೆ ಮೂರರಿಂದ ಐದು ದಿನ ತಾಳುತ್ತದೆ, ನೊರೆವೈನು ಒಂದೆರಡು ದಿನ. ಗಿಡಮೂಲಿಕೆಗಳ ಪರಿಮಳ ಹಿಡಿಸಿದ ವರ್ಮುತ್ ಕೂಡ ವೈನೇ ಎಂಬುದನ್ನು ಮರೆತು ಅದನ್ನು ಕಪಾಟಿನಲ್ಲಿ ವರ್ಷಗಟ್ಟಲೆ ಬಿಡುವವರುಂಟು. ಅದರ ಜಾಗವೂ ಫ್ರಿಜ್ಜೇ. ವಿಸ್ಕಿ, ರಮ್‌ಗಳು ತೆರೆದ ಮೇಲೂ ತಿಂಗಳುಗಟ್ಟಲೆ ಕೆಡವು, ಬಾಟಲಿ ಮುಕ್ಕಾಲು ಖಾಲಿಯಾದ ಮೇಲೆ ಮಾತ್ರ ಗಾಳಿ ತಾಕಿ ಪರಿಮಳ ಸಪ್ಪಗಾಗುತ್ತದೆ. ಬಿರಡೆ ಹಾಕಿದ ವೈನನ್ನು ಮಲಗಿಸಿಡಬೇಕು, ವಿಸ್ಕಿಯನ್ನು ನಿಲ್ಲಿಸಿಡಬೇಕು. ತೀಕ್ಷ್ಣವಾದ ಮದ್ಯಸಾರವು ಬಿರಡೆಯನ್ನು ತಿನ್ನುತ್ತದೆ.

ಕೆಲವು ತಿಂಗಳು ಹೀಗೆ ನೋಡಿದ ಮೇಲೆ ನಿಮ್ಮ ಹಳೆಯ ಪಾನೀಯವನ್ನೇ ಪರೀಕ್ಷೆಗೆ ಒಡ್ಡಿ. ಅದನ್ನೂ ಅದೇ ಬಗೆಯ, ಬೆಲೆಯಲ್ಲಿ ಬೇರೆಯಾದ ಇನ್ನೊಂದನ್ನೂ ಆರಿಸಿಕೊಂಡು, ಬೇರೆಯವರಿಂದ ಮೂರು ಲೋಟಗಳಿಗೆ ಹತ್ತು ಹತ್ತು ಮಿ.ಲೀ. ಸುರಿಯಿಸಿ: ಎರಡರಲ್ಲಿ ಒಂದು, ಮೂರನೆಯದರಲ್ಲಿ ಮತ್ತೊಂದು. ಯಾವುದರಲ್ಲಿ ಯಾವುದಿದೆ ಎಂಬುದು ನಿಮಗೆ ಗೊತ್ತಿರಬಾರದು. ಬೇರೆಯಾದ ಲೋಟವನ್ನು ಗುರುತಿಸಬೇಕು. ಸುಮ್ಮನೆ ಊಹಿಸಿದರೂ ಮೂರರಲ್ಲಿ ಒಂದು ಸಲ ಸರಿಯಾಗುವ ಸಂಭವವಿರುವುದರಿಂದ ಒಂದು ಸಲದ ಗೆಲುವು ಲೆಕ್ಕಕ್ಕಿಲ್ಲ. ಬೇರೆ ಬೇರೆ ಮೂರು ದಿನ ಮಾಡಿ ಮೂರೂ ಸಲ ಸರಿಯಾದರೆ ಅದು ಬರೀ ಊಹೆಯಿಂದ ಆಗುವ ಸಂಭವ 27ರಲ್ಲಿ ಒಂದು ಮಾತ್ರ. ಮೂರು ದಿನವೂ ಗುರುತು ಹತ್ತದಿದ್ದರೆ ಮುಂದಿನ ಸಲ ಅಗ್ಗದ ಬಾಟಲಿಯನ್ನು ತನ್ನಿ.